ವೆಂಡೆಲ್‌ನ ಕಪ್‌ಕೇಕ್ ಬಾವುಟ

"ಬಸ್ಸಿನ ತುಂಬ ಮಕ್ಕಳನ್ನ ಮೂವತ್ತು ವರ್ಷ ಹಿಮದಲ್ಲಿ ಜಾರದ ಹಾಗೆ ಶಾಲೆ ಮುಟ್ಟಿಸಿದವನು ನಾನು! ಅಂಗೈಯಷ್ಟು ಕೇಕು ನಂಗ್ಯಾವ ಲೆಕ್ಕ!"

ವೆಂಡೆಲ್ ಫೋನಿನಲ್ಲಿ ಹೀಗೆ ಗುಡುಗಿದ. ಆ ತುದಿಯಲ್ಲಿ, ಡುಲೂತ್ ಪಟ್ಟಣದಲ್ಲಿ ಕೂತಿದ್ದ ಅವನ ಅಕ್ಕ ಇರ್ಮಾ ಗುಡುಗಿಗೆಲ್ಲ ಹೆದರುವ ಪೈಕಿಯಲ್ಲ.

"ಮೊಟ್ಟೆ ಬೇಯಿಸೋಕೆ ಇಟ್ಟು ಪಾತ್ರೆ ಸುಟ್ಟುಹಾಕಿದ್ದು ಯಾರಪ್ಪಾ?"

"ಅದು ಪಾತ್ರೆ ತಪ್ಪು."

"ಸುಮ್ನೆ ಅಂಗಡಿಯಿಂದ ಎರಡು ಡಬ್ಬ ಕೇಕ್ ತಂದಿಡು. ಯಾರೂ ಕೇಳಲ್ಲ."

"ಅಂಗಡಿ ಕೇಕಾ! ಜುಲೈ ನಾಲ್ಕರ ದಿನ, ಆರ್ಲೀನ್ ಮೇಜಿನ ಮೇಲೆ, ಅಂಗಡಿ ಕೇಕಾ! ನೋಡ್ತಿರು ಅಕ್ಕಾ, ಊರಿಗೆ ಊರೇ ಬಂದು ನಮ್ಮ ಅಂಗಳದಲ್ಲಿ ಕೂರದಿದ್ರೆ ನನ್ನ ಹೆಸರು ವೆಂಡೆಲ್ ಅಲ್ಲ!"

"ಹಾಗಿದ್ರೆ ಬೇರೆ ಹೆಸರು ಈಗ್ಲೇ ಹುಡುಕಿಟ್ಕೋ," ಎಂದು ಇರ್ಮಾ ಫೋನು ಕುಕ್ಕಿದಳು.

ಅವನ ಹಟಕ್ಕೆ ಕಾರಣವಿತ್ತು. ಮಿನ್ನೆಸೋಟದ ನಮ್ಮ ಟಾಮರಾಕ್ ಊರಿನ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಮೊದಲೆಲ್ಲ ವೆಂಡೆಲ್‌ನ ಮನೆಯ ಮುಂದೆಯೇ ಹಾದು ಹೋಗುತ್ತಿತ್ತು. ಜನ ಬೆಳಗ್ಗೆಯೇ ಮಡಚುವ ಕುರ್ಚಿ ಹೊತ್ತು ತಂದು ಅವನ ಹುಲ್ಲುಹಾಸಿನ ಮೇಲೆ ಠಿಕಾಣಿ ಹೂಡುತ್ತಿದ್ದರು. ಹೆಂಡತಿ ಆರ್ಲೀನ್ ಕೆಂಪು, ಬಿಳಿ, ನೀಲಿ ಕ್ರೀಮು ಮೆತ್ತಿದ ಕಪ್‌ಕೇಕ್‌ಗಳನ್ನು ಉದ್ದನೆಯ ಮೇಜಿನ ಮೇಲೆ ಬಾವುಟದ ಹಾಗೆ ಜೋಡಿಸಿಡುತ್ತಿದ್ದಳು. ಬಂದವರ ಬೆನ್ನು ತಟ್ಟಿ, "ತಗೊಳ್ಳಿ, ತಗೊಳ್ಳಿ" ಅನ್ನುವುದಷ್ಟೇ ವೆಂಡೆಲ್‌ನ ಕೆಲಸ. ಅದನ್ನವನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದ.

ಆಮೇಲೆ ಆರ್ಲೀನ್ ತೀರಿಕೊಂಡಳು. ವರ್ಷ ಒಪ್ಪತ್ತಿನಲ್ಲೇ ಅವನ ಮನೆಯಾಚೆಯ ಸೇತುವೆ ಶಿಥಿಲವಾಯಿತೆಂದು ಮುಚ್ಚಿದರು. ಬೀದಿ ಅವನ ಮನೆಗೇ ಮುಗಿಯಿತು. ಮೆರವಣಿಗೆಯನ್ನು ಬ್ಯಾಂಕಿನ ಹತ್ತಿರವೇ ತಿರುಗಿಸಿಬಿಟ್ಟರು. ಮೆರವಣಿಗೆ ಹೋದ ಕಡೆ ಕುರ್ಚಿಗಳೂ ಹೋದವು. ಹೋದ ವರ್ಷ ಜುಲೈ ನಾಲ್ಕರಂದು ವೆಂಡೆಲ್ ಒಬ್ಬನೇ ಅಂಗಳದಲ್ಲಿ ಕೂತು, ದೂರದ ಡೋಲಿನ ಸದ್ದು ಕೇಳುತ್ತ ಒಣ ಬ್ರೆಡ್ಡು ಕಡಿದ. ಬೇಜಾರು ಕಳೆಯಲೆಂದು ಟಿವಿ ಹಾಕಿದರೆ ಅದರಲ್ಲೂ ಮೆರವಣಿಗೆ! ಈ ವರ್ಷ ಮತ್ತೆ ಹಾಗೆ ಕೂರುವ ಶಕ್ತಿ ಅವನಿಗಿರಲಿಲ್ಲ. ಬೇರೆಲ್ಲ ಬರೀ ನೆಪ, ಅವನಿಗೆ ಜನ ಬೇಕಿತ್ತು.

ಹಾಗಾದರೆ ಬನ್ನಿ ಎಂದು ಕರೆಯಬಹುದಿತ್ತಲ್ಲ? ಅಯ್ಯೋ! ಮಿನ್ನೆಸೋಟದವರು ಬಾಯಿಬಿಟ್ಟು ಕರೆಯುವುದುಂಟೆ? ಕರೆದರೆ ಎದುರಿನವರಿಗೆ ಬರಲೇಬೇಕಾದ ಕಷ್ಟ, ಬರದಿದ್ದರೆ ನಮಗೆ ಅವಮಾನ. ನಮ್ಮಲ್ಲಿ ಸುಳಿವು ಕೊಡುವುದೇ ಆಹ್ವಾನ. ವೆಂಡೆಲ್ ದಿನಸಿ ಅಂಗಡಿಯಲ್ಲಿ ಗಂಟಲು ಸರಿಮಾಡಿಕೊಂಡು, "ನಾಲ್ಕನೇ ತಾರೀಕು ಏನೋ ಒಂದಿಷ್ಟು ಕಪ್‌ಕೇಕ್ ಮಾಡೋಣ ಅಂತ," ಎಂದ. "ಓ, ಒಳ್ಳೇದು," ಎಂದರು ಅಲ್ಲಿದ್ದವರು. ಕ್ಷೌರದಂಗಡಿಯಲ್ಲಿ, "ನಾನಂತೂ ಮನೇಲೇ ಇರ್ತೀನಪ್ಪ," ಎಂದ. "ಹೌದಾ, ರೆಸ್ಟ್ ತಗೊಳ್ಳಿ," ಎಂದರು. ಪಕ್ಕದ ಮನೆಯ ಗ್ರೆಟಾಳಿಗೆ ಬೇಲಿಯ ಮೇಲಿಂದ, "ನಮ್ಮ ಕುರ್ಚಿಗಳೆಲ್ಲ ಇನ್ನೂ ಗಟ್ಟಿಮುಟ್ಟಾಗಿವೆ," ಎಂದ. ಗ್ರೆಟಾ ಕುರ್ಚಿಗಳನ್ನು ಮೆಚ್ಚಿಕೊಂಡು ಒಳಗೆ ಹೋದಳು. ಇನ್ನೇನು ಬೇಕು, ಇಡೀ ಊರನ್ನೇ ಕರೆದಾಯಿತು ಎಂದು ವೆಂಡೆಲ್ ಬೀಗಿದ.

ನಾಲ್ಕನೇ ತಾರೀಕು ಬೆಳಗ್ಗೆ ಆರ್ಲೀನಳ ಏಪ್ರನ್ ಕಟ್ಟಿ ರಣರಂಗಕ್ಕೆ ಇಳಿದ. ಮೊದಲ ತಟ್ಟೆಗಳು ಓವನ್ನಿನಿಂದ ಪರವಾಗಿಲ್ಲ ಎನ್ನುವ ಹಾಗೆ ಹೊರಬಂದವು. ಕೆಲವು ಕುಸಿದಿದ್ದವು, ಕೆಲವು ಓರೆಯಾಗಿದ್ದವು, ಆದರೆ ಕೇಕೆಂದು ಗುರುತು ಸಿಗುತ್ತಿತ್ತು. ವೆಂಡೆಲ್‌ನ ಎದೆ ಉಬ್ಬಿತು. "ಹೆಂಗಸರು ಇದನ್ನೇ ಇಷ್ಟು ದೊಡ್ಡ ವಿದ್ಯೆ ಅಂತಿದ್ರಲ್ಲ!" ಎಂದು ಖಾಲಿ ಅಡುಗೆಮನೆಗೆ ಹೇಳಿದ.

ಕ್ರೀಮಿನ ಸರದಿ ಬಂತು. ಬೆಣ್ಣೆಗೆ ಸಕ್ಕರೆ ಪುಡಿ ಸುರಿದು ಕರೆಂಟಿನ ಬೀಟರನ್ನು ಒಳಗಿಳಿಸಿ ಗುಂಡಿ ಒತ್ತಿದ. ಒಂದೇ ಸಲಕ್ಕೆ ಸಕ್ಕರೆ ಪುಡಿ ಎದ್ದು ಅಡುಗೆಮನೆಯಲ್ಲಿ ಡಿಸೆಂಬರ್ ಬಂತು! ಹಿಮ ಸ್ವಲ್ಪ ಇಳಿದ ಮೇಲೆ ನೀಲಿ ಬಣ್ಣ ಹಾಕಿದ. ಕ್ರೀಮು ಹಸಿರಾಯಿತು. ಬೆಣ್ಣೆ ಹಳದಿ, ಹಳದಿಗೆ ನೀಲಿ ಬಿದ್ದರೆ ಹಸಿರು. ಇದು ಶಾಲೆಯ ಮಕ್ಕಳಿಗೂ ಗೊತ್ತು, ಆದರೆ ವೆಂಡೆಲ್ ಶಾಲೆಯ ಬಾಗಿಲವರೆಗೆ ಹೋಗಿ ವಾಪಸಾಗುತ್ತಿದ್ದವನಲ್ಲವೇ! ಇನ್ನಷ್ಟು ನೀಲಿ ಹಾಕಿದ, ಇನ್ನಷ್ಟು ಹಸಿರಾಯಿತು. ಸಿಟ್ಟು ನೆತ್ತಿಗೇರಿ ಇಡೀ ಸೀಸೆ ಬೋರಲು ಹಾಕಿದ. ಅಂತೂ ಕ್ರೀಮು ನೀಲಿಗೆ ತಿರುಗಿತು. ಕೈಯೂ ನೀಲಿಗೆ ತಿರುಗಿತು. ಆ ಕೈಯಿಂದ ಹಣೆಯ ಬೆವರು ಒರೆಸಿದ, ಕನ್ನಡಕ ಏರಿಸಿದ, ಮೂಗು ಉಜ್ಜಿದ, ಯೋಚನೆ ಮಾಡುತ್ತ ತುಟಿಯನ್ನೂ ಸವರಿಕೊಂಡ. ಕೆಂಪು ಕ್ರೀಮಂತೂ ಎಷ್ಟು ಬೇಡಿಕೊಂಡರೂ ಗುಲಾಬಿಯಿಂದ ಮೇಲೆ ಹತ್ತಲಿಲ್ಲ.

ಪಾತ್ರೆಯ ತಳದಲ್ಲಿ ಇನ್ನೂ ಹಿಟ್ಟು ಉಳಿದಿತ್ತು. ಜಿಪುಣತನ ತಮ್ಮ ವಂಶದಲ್ಲೇ ಇಲ್ಲವೆಂದುಕೊಂಡು ಕೊನೆಯ ತಟ್ಟೆಯ ಕಾಗದದ ಬಟ್ಟಲುಗಳನ್ನು ಕಂಠಪೂರ್ತಿ ತುಂಬಿ ಓವನ್ನಿನೊಳಗೆ ತಳ್ಳಿದ. ಅದು ಬೇಯುವಷ್ಟರಲ್ಲಿ ಬಂದೆ ಎಂದು ಮಿಕ್ಕ ಕೇಕುಗಳನ್ನು ಅಂಗಳದ ಮೇಜಿಗೆ ಸಾಗಿಸಿ ಬಾವುಟ ಕಟ್ಟಿದ. ಗುಲಾಬಿ ಪಟ್ಟಿ, ಹಳದಿ ಪಟ್ಟಿ, ಮೂಲೆಯಲ್ಲಿ ಇಂಕು ಚೆಲ್ಲಿದಂಥ ಒಂದು ಚೌಕ. ದೇವರಾಣೆ, ಭೂಮಿಯ ಮೇಲಿನ ಯಾವ ದೇಶವೂ ಅದು ತನ್ನದೆಂದು ಒಪ್ಪುತ್ತಿರಲಿಲ್ಲ!

ಆಮೇಲೆ ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿ, ಒಂದರಲ್ಲಿ ಕೂತು ಕಾದ.

ಯಾರೂ ಬರಲಿಲ್ಲ. ಗ್ರೆಟಾ ಕುರ್ಚಿ ಹೊತ್ತು ಬ್ಯಾಂಕಿನ ಕಡೆ ಹೋದಳು, ಹೋಗುತ್ತ ಕೈಬೀಸಿದಳು. ವೆಂಡೆಲ್ ನೊಣ ಓಡಿಸಿದ. ಒಂದೇ ಕುರ್ಚಿಯಲ್ಲಿ ಕೂತರೆ ಉಳಿದವು ಬಣಗುಟ್ಟುತ್ತವೆಂದು ಎದ್ದು ಪಕ್ಕದ್ದರಲ್ಲಿ ಕೂತ. ಅಲ್ಲಿಂದ ಎದ್ದು ಅದರಾಚೆಯದರಲ್ಲಿ ಕೂತ. ಹೀಗೆ ಎಲ್ಲ ಕುರ್ಚಿಗಳಿಗೂ ಮರ್ಯಾದೆ ಮಾಡಿ ಮುಗಿಸುವಾಗ ದೂರದಲ್ಲಿ ಡೋಲು ಶುರುವಾಯಿತು. ಜನರ ಕೇಕೆ ಗಾಳಿಯಲ್ಲಿ ತೇಲಿಬಂದು ಹೋಯಿತು. ಅಷ್ಟು ಹತ್ತಿರ ಅಷ್ಟೊಂದು ಜನ, ಅವರಲ್ಲಿ ಒಬ್ಬರಿಗೂ ತನ್ನ ನೆನಪಿಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಕಣ್ಣು ಮುಚ್ಚಿ ಕೇಳುತ್ತ ಕೂತ. ಕೂತವನಿಗೆ ಕೊನೆಯ ತಟ್ಟೆ ಮರೆತೇ ಹೋಯಿತು.

ಒಳಗೆ ಕಂಠಪೂರ್ತಿ ತುಂಬಿದ ಹಿಟ್ಟು ಉಬ್ಬಿ, ಉಕ್ಕಿ, ಓವನ್ನಿನ ತಳಕ್ಕೆ ಸುರಿದು ಹೊತ್ತಿಕೊಂಡಿತು. ಒಂಟಿ ತಮ್ಮನಿಗೆ ಏನಾದರೂ ಆದೀತೆಂದು ಇರ್ಮಾ ಅಡುಗೆಮನೆಯ ಸೂರಿಗೆ ಒಂದು ಬಿಳಿ ಡಬ್ಬಿ ಹಾಕಿಸಿದ್ದಳು. ಹೊಗೆ ಕಂಡರೆ ಸಾಕು, ಅದು ತಾನೇ ಫೈರ್ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಮುಟ್ಟಿಸಿತು.

ಟಾಮರಾಕ್‌ನಲ್ಲಿ ಇರುವುದು ಒಂದೇ ಫೈರ್ ಎಂಜಿನ್. ಜುಲೈ ನಾಲ್ಕರಂದು ಅದು ಇರುವುದು ಮೆರವಣಿಗೆಯ ತಲೆಯಲ್ಲಿ. ಊರಿನ ಕ್ಷೌರಿಕ, ಬಡಗಿ, ಮೇಷ್ಟ್ರು ಎಲ್ಲರೂ ಬೆಂಕಿ ಆರಿಸುವ ಸ್ವಯಂಸೇವಕರ ಹೆಲ್ಮೆಟ್ಟು ಹಾಕಿ ಅದರ ಮೇಲೆ ಕೂತು ಮಕ್ಕಳಿಗೆ ಪೆಪ್ಪರ್‌ಮಿಂಟು ಎರಚುತ್ತಿರುತ್ತಾರೆ. ಬೆಂಕಿಯ ಸುದ್ದಿ ಕೊಡುವ ಅವರ ಸೊಂಟದ ಪೇಜರುಗಳೆಲ್ಲ ಒಟ್ಟಿಗೆ ಕೂಗಿದವು. ಬ್ಯಾಂಕಿನ ಹತ್ತಿರ ಎಡಕ್ಕೆ ತಿರುಗಬೇಕಿದ್ದ ಎಂಜಿನ್ನು ಸೈರನ್ ಹಾಕಿಕೊಂಡು ಬಲಕ್ಕೆ ತಿರುಗಿತು. ಬ್ಯಾಂಡಿನ ಮುಖ್ಯಸ್ಥ ಊರಿಗೆ ಹೊಸಬ. "ಎಂಜಿನ್ ಹಿಂದೆ ಹೋಗಿ, ಅಷ್ಟೆ," ಎಂದು ಅವನಿಗೆ ಹೇಳಿದ್ದರು. ಅವನು ಹೋದ. ಬ್ಯಾಂಡಿನ ಹಿಂದೆ ಟ್ರಾಕ್ಟರುಗಳು, ಟ್ರಾಕ್ಟರಿನ ಹಿಂದೆ ತೆರೆದ ಕಾರಿನಲ್ಲಿ ಕಿರೀಟ ತೊಟ್ಟ, ಹೈನುಗಾರರು ಆರಿಸಿದ ಆ ವರ್ಷದ ಕ್ಷೀರರಾಣಿ, ಅವಳ ಹಿಂದೆ ಕುದುರೆಗಳು, ಕುದುರೆಗಳ ಹಿಂದೆ ಏನಾಯಿತೋ ಎಂದು ಓಡಿದ ಸಮಸ್ತ ಊರು!

ಸೈರನ್ ಕೇಳಿ ವೆಂಡೆಲ್ ಕಣ್ಣು ಬಿಟ್ಟ. "ಅಯ್ಯೋ ಪಾಪ, ಹಬ್ಬದ ದಿನ ಯಾರ ಮನೆಗೆ ಬೆಂಕಿ ಬಿತ್ತೋ!" ಎಂದು ಮರುಗಿದ. ಹಿಂತಿರುಗಿ ನೋಡಿದರೆ ಅವನದೇ ಕಿಟಕಿಯಿಂದ ಹೊಗೆ!

ಎಂಜಿನ್ನಿನಿಂದ ಮೊದಲು ಧುಮುಕಿದವಳು ತಂಡದ ಮುಖ್ಯಸ್ಥೆ ಟ್ರೂಡಿ. ಚಿಕ್ಕವಳಿದ್ದಾಗ ಅವನದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಜಗಳವಾಡುತ್ತಿದ್ದವಳು.

"ವೆಂಡೆಲ್ ಮಾಮಾ! ಬೆಂಕಿ ಎಲ್ಲಿ?" ಎಂದವಳು ಅವನ ಮುಖ ನೋಡಿ ಕಿರುಚಿದಳು. "ಅಯ್ಯೋ, ಪೂರ್ತಿ ನೀಲಿಯಾಗಿದ್ದಾರೆ! ತುಟಿ ನೋಡ್ರೋ! ಉಸಿರು ನಿಂತಿದೆ, ಆಕ್ಸಿಜನ್ ತನ್ನಿ!"

"ಇದು ಬಣ್ಣ ಕಣಮ್ಮಾ..." ಅನ್ನುವಷ್ಟರಲ್ಲಿ ಅವನನ್ನು ಹುಲ್ಲಿನ ಮೇಲೆ ಮಲಗಿಸಿ ಮುಖಕ್ಕೆ ಆಕ್ಸಿಜನ್ ಮಾಸ್ಕು ಬಿಗಿದಾಗಿತ್ತು. "ಕ್ರೀಮು! ಕ್ರೀಮು!" ಎಂದು ಒಳಗಿಂದ ಬೊಬ್ಬೆ ಹಾಕಿದ. "ಪಾಪ, ಏನೇನೋ ಬಡಬಡಿಸ್ತಿದ್ದಾರೆ," ಎಂದು ಕ್ಷೌರಿಕ ಅವನ ಕಾಲು ಒತ್ತಿ ಹಿಡಿದ. ಬಡಗಿ ಒಳಗೆ ನುಗ್ಗಿ ಓವನ್ನಿನ ಬೆಂಕಿ ಆರಿಸಿ, ಇದ್ದಿಲಾದ ಹನ್ನೆರಡು ಕೇಕುಗಳನ್ನು ಹೊತ್ತು ತಂದ. ಟ್ರೂಡಿ ಅದನ್ನು ನೋಡಿದಳು, ಮೇಜನ್ನು ನೋಡಿದಳು, ಬೆರಳಿನಿಂದ ವೆಂಡೆಲ್‌ನ ಕೆನ್ನೆ ಒರೆಸಿ ನಾಲಿಗೆಗೆ ಹಚ್ಚಿಕೊಂಡಳು.

"ಥತ್! ಸಿಹಿ ಇದೆ!"

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ವೆಂಡೆಲ್‌ಗೆ ಭೂಮಿ ಬಾಯ್ಬಿಟ್ಟರೆ ಸಾಕೆನ್ನಿಸಿತು. ಆದರೆ ಆಗಲೇ ಇನ್ನೊಂದು ಪೇಚು ಎದುರಾಗಿತ್ತು. ಮುಂದೆ ಮುಚ್ಚಿದ ಸೇತುವೆ, ಹಿಂದೆ ಇಡೀ ಮೆರವಣಿಗೆ. ಎಂಜಿನ್ನು ತಿರುಗಬೇಕಾದರೆ ಟ್ರಾಕ್ಟರು ಹಿಂದೆ ಸರಿಯಬೇಕು, ಟ್ರಾಕ್ಟರು ಸರಿಯಲು ಕ್ಷೀರರಾಣಿ ಸರಿಯಬೇಕು, ಕುದುರೆಗಳಂತೂ ಸರಿಯುವ ಮನಸ್ಸಿನಲ್ಲೇ ಇರಲಿಲ್ಲ. ಬೇರೆ ದಾರಿ ಕಾಣದೆ ಊರಿಗೆ ಊರೇ ವೆಂಡೆಲ್‌ನ ಹುಲ್ಲುಹಾಸಿನ ಮೇಲೆ ಕೂತಿತು!

ಬ್ಯಾಂಡು ನಿಂತಲ್ಲೇ ಬಾರಿಸಿತು. ಕ್ಷೀರರಾಣಿ ಸಂಕೋಚದಿಂದ ಬಾತ್‌ರೂಮ್ ಎಲ್ಲಿ ಎಂದು ಕೇಳಿ ಕಿರೀಟ ಸಮೇತ ಹೋಗಿಬಂದಳು. ಒಂದು ಕುದುರೆ ಬಾವುಟದ ಎರಡು ಪಟ್ಟಿಗಳನ್ನು ಕಾಗದದ ಸಮೇತ ಮುಗಿಸಿತು. ಉಳಿದದ್ದಕ್ಕೆ ಮಕ್ಕಳು ಮುಗಿಬಿದ್ದವು. ಗಳಿಗೆಯಲ್ಲಿ ಊರಿನ ನಾಲಿಗೆಗಳೆಲ್ಲ ನೀಲಿ! ವೆಂಡೆಲ್ ಮುಖ ತೊಳೆಯುವುದನ್ನೂ ಮರೆತು, "ತಗೊಳ್ಳಿ, ತಗೊಳ್ಳಿ," ಎನ್ನುತ್ತ ಬೆನ್ನು ತಟ್ಟುತ್ತ ಓಡಾಡಿದ. ತಟ್ಟಿದ ಬೆನ್ನುಗಳ ಮೇಲೆಲ್ಲ ನೀಲಿ ಹಸ್ತ ಮೂಡಿತು. ಅಷ್ಟು ಸಂತೋಷವನ್ನು ಅವನು ಕಂಡು ಎಷ್ಟೋ ಕಾಲವಾಗಿತ್ತು.

ಗ್ರೆಟಾ ಕೇಕು ಕಚ್ಚಿ ಮುಖ ಕಿವಿಚಿದಳು.

"ಆರ್ಲೀನ್ ಮಾಡಿದ ಹಾಗೆ ಬಂದಿಲ್ಲ ಅಲ್ವಾ?" ವೆಂಡೆಲ್ ಅಳುಕುತ್ತ ಕೇಳಿದ.

"ಬಂದಿದೆ. ಅವಳದ್ದೂ ಹೀಗೇ ಕಲ್ಲಿನ ಹಾಗಿರ್ತಿತ್ತು."

"ಮತ್ತೆ ಪ್ರತಿ ವರ್ಷ ಬರ್ತಿದ್ರಲ್ಲ ಎಲ್ಲರೂ?"

"ಮೆರವಣಿಗೆ ಇಲ್ಲೇ ಬರ್ತಿತ್ತಲ್ಲ, ವೆಂಡೆಲ್," ಎಂದಳು ಗ್ರೆಟಾ, ಬೇರೇನೂ ಯೋಚಿಸದೆ.

ಅವಳ ಮಾತಿನಲ್ಲಿ ವಿಷವಿರಲಿಲ್ಲ. ಆದರೂ ಚುಚ್ಚಬೇಕಾದ ಕಡೆಗೇ ಚುಚ್ಚಿತು. ಅಷ್ಟರಲ್ಲಿ ಕುದುರೆಗಳು ಮನಸ್ಸು ಬದಲಿಸಿದವು. ಕಾರು ಸರಿಯಿತು, ಟ್ರಾಕ್ಟರು ಸರಿಯಿತು. ಪಾರ್ಕಿನಲ್ಲಿ ಹಂದಿಮಾಂಸ ಬೇಯುತ್ತಿದೆ, ತಡವಾಯಿತು ಎನ್ನುತ್ತ ಜನ ಎದ್ದರು. "ಬರ್ತೀವಿ ವೆಂಡೆಲ್, ಚೆನ್ನಾಗಿತ್ತು," ಎಂದರು. ಟ್ರೂಡಿ ಕೊನೆಗೆ ಎಂಜಿನ್ ಹತ್ತುತ್ತ, "ಮಾಮಾ, ಮುಂದಿನ ಸಲ ಕರೆಯೋದಿದ್ರೆ ಒಂದು ಫೋನ್ ಮಾಡಿ ಸಾಕು. ಮನೆಗೆ ಬೆಂಕಿ ಹಾಕ್ಬೇಡಿ!" ಎಂದಳು. ಡೋಲಿನ ಸದ್ದು ಬೀದಿಯ ಆ ತುದಿಗೆ ಹೋಗಿ ಕರಗಿತು. ತುಳಿದ ಹುಲ್ಲು, ಕುದುರೆಯ ಲದ್ದಿ, ವೆಂಡೆಲ್, ಇಷ್ಟು ಅಂಗಳದಲ್ಲಿ ಉಳಿದವು.

ಸಂಜೆ ಇರ್ಮಾಳ ಫೋನು ಬಂತು.

"ಏನಪ್ಪಾ, ಯಾರಾದ್ರೂ ಬಂದ್ರಾ?"

"ಊರಿಗೆ ಊರೇ ಬಂದಿತ್ತು ಅಕ್ಕಾ!"

"ಹೌದಾ? ಯಾರ್ಯಾರು?"

"ಬ್ಯಾಂಡಿನವರು ಬಂದ್ರು. ಟ್ರಾಕ್ಟರು ಬಂತು. ಒಬ್ಬ ರಾಣಿ ಕಿರೀಟ ಹಾಕ್ಕೊಂಡು ನಮ್ಮ ಬಾತ್‌ರೂಮಿಗೆ ಹೋಗಿದ್ಲು. ಕುದುರೆ ಅರ್ಧ ಬಾವುಟ ತಿಂದುಬಿಡ್ತು. ನಂಗೆ ಆಕ್ಸಿಜನ್ ಹಾಕಿದ್ರು, ಆದ್ರೆ ಏನೂ ಆಗಿರ್ಲಿಲ್ಲ, ನಾನು ನೀಲಿಯಾಗಿದ್ದೆ ಅಷ್ಟೆ."

ಗುಡುಗಿಗೂ ಜಗ್ಗದ ಇರ್ಮಾಳ ದನಿ ಮೆತ್ತಗಾಯಿತು.

"ಪುಟ್ಟಾ," ಎಂದಳು. ಆ ದನಿಯನ್ನು ಅವನು ಕೇಳಿಯೇ ಇರಲಿಲ್ಲ. "ಮಾತ್ರೆ ಸರಿಯಾಗಿ ತಗೋತಿದ್ದೀಯಾ?"

"ನಿಜ ಅಕ್ಕಾ! ಬೇಕಾದ್ರೆ..."

"ಆಯ್ತಪ್ಪ, ನಿಜ. ಕುದುರೆ ಬಂತು, ರಾಣಿ ಬಂದ್ಲು. ನೀನು ಒಲೆ ಹತ್ರ ಹೋಗ್ಬೇಡ, ಸುಮ್ನೆ ಕೂತಿರು. ತಪ್ಪು ನಂದೇ, ನಿನ್ನನ್ನ ಇಷ್ಟು ದಿನ ಒಬ್ಬನ್ನೇ ಬಿಡಬಾರದಿತ್ತು. ನಾಳೆ ಬೆಳಗ್ಗೆ ಬಸ್ಸಿಗೆ ಹೊರಟು ಬರ್ತೀನಿ. ಒಂದು ತಿಂಗಳು ಇರ್ತೀನಿ. ತಲೆ ನಿಜವಾಗ್ಲೂ ಕೆಟ್ಟಿದ್ರೆ ಎರಡು ತಿಂಗಳು."

ಬೇಲಿಯಾಚೆ ಗ್ರೆಟಾ ಗಿಡಗಳಿಗೆ ನೀರು ಹಾಕುತ್ತಿದ್ದಳು. ಫೋನನ್ನು ಅವಳ ಕೈಗೆ ಕೊಟ್ಟು, "ಹೇಳು ನಮ್ಮಕ್ಕನಿಗೆ," ಅಂದಿದ್ದರೆ ಸಾಕು, ವೆಂಡೆಲ್‌ನ ಮಾನ ಉಳಿಯುತ್ತಿತ್ತು. ಅವನು ನೋಡುತ್ತಿರುವುದನ್ನು ಕಂಡು ಗ್ರೆಟಾ, "ಏನಾದ್ರೂ ಬೇಕಿತ್ತಾ?" ಎಂದು ಕೂಗಿದಳು.

ವೆಂಡೆಲ್ ಬೇಡವೆಂದು ತಲೆಯಾಡಿಸಿದ. ಅವಳಿಗೆ ಬೆನ್ನು ಹಾಕಿ, ದನಿಯನ್ನು ಆದಷ್ಟು ನಡುಗಿಸುತ್ತ ಫೋನಿನಲ್ಲಿ ಹೇಳಿದ:

"ಅಕ್ಕಾ... ಕಿಟಕಿ ಹತ್ರ ಇನ್ನೊಂದು ಕುದುರೆ ಕಾಣ್ತಿದೆ. ಬೇಗ ಬಾ."