ಬೆಳ್ಳಕ್ಕಿಯ ಹೊಟ್ಟೆಯೂ ನಮ್ಮ ಮಾವನೂ

ನನ್ನ ಸೋದರಮಾವನಿಗೆ ಹಕ್ಕಿಗಳೆಂದರೆ ಪ್ರಾಣ ಎಂದು ಬೆಳ್ಳಾರೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ಪ್ರೀತಿಯೆಲ್ಲ ಹಕ್ಕಿಯ ಹೊಟ್ಟೆಯೊಳಗಿನ ಹುಳಗಳ ಮೇಲೆ!

ಮಾವ ನಿವೃತ್ತ ದನದ ಡಾಕ್ಟರು. ಊರಿನ ದನಗಳಿಗೆಲ್ಲ ಹುಳದ ಮದ್ದು ಕುಡಿಸಿಯಾದ ಮೇಲೆ ಸುಮ್ಮನಿರಬಾರದೇ? ಮನೆಯೆದುರಿನ ಗದ್ದೆಗೆ ಬರುವ ಬೆಳ್ಳಕ್ಕಿ, ಕೊಕ್ಕರೆಗಳ ಬೆನ್ನು ಹತ್ತಿದರು. ಅವು ಕೆಸರಿನ ಮೀನು, ಕಪ್ಪೆ ನುಂಗಿ ಜತೆಗೆ ಹುಳವನ್ನೂ ನುಂಗುತ್ತವಂತೆ. ಕೈಯಲ್ಲಿ ಉಪ್ಪಿನಕಾಯಿಯ ಖಾಲಿ ಬಾಟ್ಲಿ ಹಿಡಿದು, ನಾವು ಬಸ್ಸಿಗೆ ಕಾಯುವಂತೆ ಮಾವ ಹಕ್ಕಿಯ ಹಿಕ್ಕೆಗೆ ಕಾಯುತ್ತಾರೆ. ಸುಳ್ಯದ ಬಸ್ಸಿಗಿಂತ ಹಕ್ಕಿಯೇ ವಾಸಿ, ಹೆಚ್ಚು ಕಾಯಿಸುವುದಿಲ್ಲ ಎನ್ನುವುದು ಅವರ ಅನುಭವ!

ಸಿಕ್ಕಿದ್ದನ್ನು ತಂದು ಸೂಕ್ಷ್ಮದರ್ಶಕದಡಿ ಇಟ್ಟು ಹುಳದ ಮೊಟ್ಟೆ ಹುಡುಕುವುದು. ಆ ಮೇಜಿಗೆ ಎರಡು ಕುರ್ಚಿ. ಮಾವ ಕರೆದ ಕೂಡಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಎರಡನೆಯ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, "ಹ್ಞಾಂ, ಉಂಟು ಉಂಟು" ಎಂದು ಒಪ್ಪಿಗೆ ಕೊಡುವುದು ಆ ಮನೆಯ ಪದ್ಧತಿ. ಅತ್ತೆ ಹೋದ ವರ್ಷ ತೀರಿಕೊಂಡರು. ಮಕ್ಕಳಿಲ್ಲ. ಕುರ್ಚಿ ಮಾತ್ರ ಅಲ್ಲೇ ಇದೆ.

ಆಮೇಲೆ ಮಾವ ಹುಳದ ಸುದ್ದಿಯನ್ನು ಊರಿಗೆಲ್ಲ ಹಂಚತೊಡಗಿದರು. ಜಾಲ್ಸೂರಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಎಲೆಗೆ ಶ್ಯಾವಿಗೆ ಪಾಯಸ ಬಿತ್ತು. ಮಾವ ಬೆರಳಿನಲ್ಲಿ ಒಂದೆಳೆ ಎತ್ತಿ ಹಿಡಿದು ಪಕ್ಕದವರಿಗೆ ತೋರಿಸಿದರು.

"ಕೊಕ್ಕರೆಯ ಕರುಳಲ್ಲಿ ಸಾಧಾರಣ ಹೀಗೆಯೇ ಇರುದು. ಇದಕ್ಕಿಂತ ಸ್ವಲ್ಪ ಸಪೂರ."

"ಊಟದ ಹೊತ್ತಿಗೆ ಎಂತ ಮಾರಾಯ್ರೆ ನಿಮ್ಮದು!"

ಆ ದಿನ ಪಾಯಸ ಕೊಪ್ಪರಿಗೆಗಟ್ಟಲೆ ಉಳಿಯಿತು. ಅಂದಿನಿಂದ ಯಾವ ಪಂಕ್ತಿಯಲ್ಲೂ ಮಾವನ ಪಕ್ಕದ ಎಲೆ ಖಾಲಿ.

ಮೀನಿನ ಪ್ರಕರಣ ಇನ್ನೂ ಚಂದ. ಗುಂಪಿನಿಂದ ಬೇರೆಯಾದ ಒಂದು ಬಡಕಲು ಬೆಳ್ಳಕ್ಕಿ ಮಾವನ ಅಂಗಳಕ್ಕೆ ಬಂದು ನಿಲ್ಲತೊಡಗಿತು. ಹೊಟ್ಟೆ ತುಂಬ ಹುಳ ಎಂದು ಪತ್ತೆ ಮಾಡಿದ್ದೂ ಆಯಿತು. ಈರುಳ್ಳಿಯೂ ಹೊಗದ ಆ ಮನೆಯ ಗೇಟಿನಲ್ಲಿ ಈಗ ದಿನಾ ಮೀನಿನವನ ಸ್ಕೂಟರ್! ಮಾವ ಬೂತಾಯಿ ಮೀನಿನೊಳಗೆ ಮದ್ದು ತುಂಬಿ ಬಾವಿಕಟ್ಟೆಯ ಮೇಲೆ ಇಟ್ಟರು. ತಿಂದದ್ದು ಪಕ್ಕದ ಮನೆಯ ಬೆಕ್ಕು. ಹುಳ ಉದುರಿ ಅದು ಗುಂಡಗಾಯಿತು. ಬೆಳ್ಳಕ್ಕಿ ಮಾತ್ರವಲ್ಲ, ಗದ್ದೆಯ ಉಳಿದ ಹಕ್ಕಿಗಳೂ ಆ ಬೆಕ್ಕಿಗೆ ಹೆದರಿ ಬರುವುದನ್ನೇ ಬಿಟ್ಟವು.

"ಹೆಂಡ್ತಿ ಹೋದ ಮೇಲೆ ಡಾಕ್ಟ್ರು ಮೀನು ತಿನ್ಲಿಕ್ಕೆ ಸುರು ಮಾಡಿದ್ದಾರೆ" ಎಂದು ನೆಂಟರಲ್ಲಿ ಗುಲ್ಲಾಯಿತು. ಅವರು ಮನೆಗೆ ಹೋಗಿ ಬರುವುದೂ ನಿಂತಿತು.

"ನಿಜ ಸಂಗತಿ ಹೇಳ್ಬಾರ್ದಾ ಮಾವ?" ಎಂದೆ ಫೋನಿನಲ್ಲಿ.

"ಬೆಳ್ಳಕ್ಕಿಗೆ ಮದ್ದು ಅಂದ್ರೆ ಇನ್ನೂ ನಗ್ತಾರೆ. ಇರ್ಲಿ ಬಿಡು."

ಮೊನ್ನೆ ಅವರೇ ಫೋನ್ ಮಾಡಿದರು. "ಒಂದು ಒಳ್ಳೇ ಹುಳ ಸಿಕ್ಕಿದೆ. ನೋಡ್ಲಿಕ್ಕೆ ಬರ್ತೀಯಾ?"

ಊಟಕ್ಕೆ ಕರೆದರೆ ಹೋಗಬಹುದು, ಹುಳಕ್ಕೆ ಕರೆದರೆ? ಆದರೂ ಪುತ್ತೂರಿನಿಂದ ಬಸ್ಸು ಹತ್ತಿದೆ. ಮಾವ ಇಸ್ತ್ರಿಯ ಅಂಗಿ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು. ಒಳಗೆ ಅತ್ತೆಯ ಕುರ್ಚಿಯನ್ನು ಒರೆಸಿ ಇಟ್ಟಿದ್ದರು. ಕೂತು ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ. ಕಂಡದ್ದು ನನ್ನದೇ ರೆಪ್ಪೆಯ ಕೂದಲು!

"ಕಾಣ್ತದಾ?"

"ಹ್ಞಾಂ ಮಾವ, ಉಂಟು ಉಂಟು."

ಮಾವ ತಮ್ಮ ಕುರ್ಚಿಯಲ್ಲಿ ಕೂತರು.

"ನಿನ್ನ ಅತ್ತೆಯೂ ಹೀಗೇ ಹೇಳುದು. ಅವಳಿಗೂ ಎಂತದೂ ಕಾಣ್ತಿರ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಕರೆದ್ರೆ ಬಂದು ಕೂತ್ಕೊಳ್ತಿದ್ದಳಲ್ಲ, ಅಷ್ಟು ಸಾಕಿತ್ತು." ಮಾವ ತಲೆ ತಗ್ಗಿಸಿ ಕನ್ನಡಕ ಒರೆಸಿದರು. "ಬೆಳ್ಳಕ್ಕಿ ಬಾರದೆ ಹುಳ ಎಲ್ಲಿಂದ ಮಾರಾಯ್ತಿ? ಅದರಲ್ಲಿ ಎಂತದೂ ಇಟ್ಟಿರ್ಲಿಲ್ಲ ನಾನು."

ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಒಂದು ಕಣ್ಣು ಮುಚ್ಚಿದೆ.