ಹಳಸಿದ ಪ್ರತಿ

ಮುದ್ರಣಾಲಯದಲ್ಲಿ ಕರಡು ತಿದ್ದುವವನನ್ನು ಎಲ್ಲರೂ ಪಂಡಿತ ಎಂದೇ ಕರೆಯುತ್ತಿದ್ದರು. ಭಾನುವಾರ ಅವನು ಅಲ್ಲಿನ ಹಿಂದಿನ ಕೋಣೆಯ ತನ್ನ ಕಂಪ್ಯೂಟರಿನಿಂದ ವಿಂಡೋಸನ್ನು ಒರೆಸಿಹಾಕಿ, ಅದರ ಜಾಗದಲ್ಲಿ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ತುಂಬಿಕೊಂಡ. "ಹಳೇದು ಒಂದು ಚೂರೂ ಉಳಿಸಿಲ್ಲ ತಾತ!" ಎಂದು ಸೋಮವಾರ ಬೆಳಿಗ್ಗೆ ಬೈಂಡಿಂಗಿನ ಮುದುಕನ ಮುಂದೆ ಬೀಗಿದ.

ಹತ್ತು ಗಂಟೆಗೆ ಯಜಮಾನರು ಬಂದರು. "ಪಂಡಿತ್ರೇ, ನಾಳೆ ನಮ್ಮ ತಂದೆಯವರ ನೆನಪಿನ ಸಭೆ. ಅವರ ಪುಸ್ತಕ ತಿದ್ದಿ ಐದು ಗಂಟೆಗೆ ಯಂತ್ರಕ್ಕೆ ಕೊಡ್ಬೇಕು. ಇಲ್ಲ ಅಂದ್ರೆ ನಾಳೆಯಿಂದ ನೀವು ಮನೇಲೇ ಇರಿ."

ಮುನ್ನೂರು ಪುಟದ ಪುಸ್ತಕ ಇದ್ದದ್ದು ಮುಂದಿನ ಕೋಣೆಯಲ್ಲಿ, ಟೈಪ್ ಮಾಡುವ ಅಕ್ಕನ ವಿಂಡೋಸ್ ಕಂಪ್ಯೂಟರಿನಲ್ಲಿ. ಅವಳು ಕುರ್ಚಿ ಬಿಟ್ಟುಕೊಡುವವಳಲ್ಲ. ಅವಳು ಹಂಚಿಟ್ಟ ಫೋಲ್ಡರನ್ನು ಪಂಡಿತ ಹಿಂದಿನ ಕೋಣೆಯಿಂದಲೇ, ಎರಡು ಕಂಪ್ಯೂಟರುಗಳ ನಡುವಿನ ವೈರಿನ ಮೂಲಕ ತೆರೆಯಬೇಕು. ಲಿನಕ್ಸ್ ಹೊಸ ಕಾವಲುಗಾರನಂತೆ ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು.

"ಅಕ್ಕಾ, ನಿನ್ನ ಪಾಸ್‌ವರ್ಡ್ ಏನು?"

"ನನ್ನ ಮಿಷಿನ್ನಿಗೆ ಪಾಸ್‌ವರ್ಡೇ ಇಲ್ವಲ್ಲೋ!"

"ಇಲ್ಲ ಅಂದ್ರೆ ಇದು ಒಪ್ತಿಲ್ಲ!"

"ಒಪ್ಪಿಸು. ಪಂಡಿತ ಅಲ್ವಾ ನೀನು?"

ಮುದುಕ ಕೈಯ ಗೋಂದು ಒರೆಸಿಕೊಳ್ಳುತ್ತ ಬಂದು, "ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ," ಎಂದ. ಮಾಡಿದ್ದಾಯಿತು. "ಆ ವೈರು ಕಿತ್ತು ಮತ್ತೆ ಹಾಕು," ಎಂದ. ಅದೂ ಆಯಿತು, ಅದುವರೆಗೆ ಹೆಸರಾದರೂ ಕಾಣುತ್ತಿದ್ದ ಅಕ್ಕನ ಕಂಪ್ಯೂಟರು ಒಂದು ಗಂಟೆ ಕಾಣದೇ ಹೋಯಿತು.

ಮೂರು ಗಂಟೆಗೆ ಅಕ್ಕ ಗೊಣಗುತ್ತ ಒಂದು ಪಾಸ್‌ವರ್ಡ್ ಇಟ್ಟುಕೊಟ್ಟಳು. ಫೋಲ್ಡರು ಪಟ್ಟನೆ ಪಂಡಿತನ ಪರದೆಯ ಮೇಲೆ ಬಂದು ಕೂತಿತು. "ಬಂದ್ಬಿಡ್ತು!" ಎಂದು ಅವನು ಕೂಗಿದ ಕೂಗಿಗೆ ಮುದುಕನ ಕೈಯಿಂದ ಸೂಜಿ ಬಿತ್ತು.

ಅಷ್ಟರಲ್ಲಿ ಅಕ್ಕನ ದನಿ ಬಂತು: "ಪಂಡಿತಾ, ಈಗ ತಾನೇ ಇನ್ನೆರಡು ಪುಟ ಸರಿಮಾಡಿದೀನಿ ಕಣೋ!"

ಹಾಗಾದರೆ ತನ್ನ ಬಳಿ ಬಂದಿರುವುದು ಹಳೆಯ ಪ್ರತಿ ಎಂದುಕೊಂಡ ಪಂಡಿತ. "ಹಳಸಿದ್ದನ್ನ ಬಿಸಾಕಿ ಹೊಸದು ತರೋಣ ತಾತ." ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದು ಲಿನಕ್ಸ್ ಎಚ್ಚರಿಸಿತು. ದೇವರು ಎಚ್ಚರಿಕೆ ಕೊಡದೆ ಯಾರನ್ನೂ ಬೀಳಿಸುವುದಿಲ್ಲ. ಆದರೆ ಊರಿನವರ ತಪ್ಪನ್ನೆಲ್ಲ ಓದುವವನು ಆ ಒಂದು ಸಾಲನ್ನು ಪೂರ್ತಿ ಓದಲಿಲ್ಲ. ಗುಂಡಿ ಒತ್ತಿದ.

ಮುಂದಿನ ಕೋಣೆಯಲ್ಲಿ ಕುರ್ಚಿ ಉರುಳಿತು. "ಅಯ್ಯೋ! ನನ್ನ ಕಣ್ಣೆದುರಿಗೇ ಫೋಲ್ಡರ್ ಮಾಯ ಆಯ್ತಲ್ಲೋ!"

ಪಂಡಿತನಿಗೆ ಆಗ ಹೊಳೆಯಿತು. ಅವನಲ್ಲಿಗೆ ಬಂದದ್ದು ಪ್ರತಿಯಲ್ಲ, ಅಕ್ಕನ ಕಪಾಟಿನ ಬಾಗಿಲು ಮಾತ್ರ. ಆ ಬಾಗಿಲಿನಿಂದ ಕೈಹಾಕಿ ಅವಳ ಕಪಾಟನ್ನೇ ಬರಿದು ಮಾಡಿದ್ದ.

ಅಕ್ಕ ಹಿಂದಿನ ಕೋಣೆಗೆ ಬಂದು ಅವನ ಮುಖ ನೋಡಿದಳು. ಅವಳ ಸಿಟ್ಟು ಇಳಿಯಿತು.

"ಎದೆ ಒಡ್ಕೋಬೇಡ. ಏನಾದ್ರೂ ಆದೀತು ಅಂತ ಶನಿವಾರ ಸಂಜೇನೇ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿದೀನಿ."

ಪಂಡಿತ ಎರಡೂ ಕೈ ಜೋಡಿಸಿದ. "ನೀನು ನನ್ನ ಹೆತ್ತ ತಾಯಿ ಅಕ್ಕಾ! ಎಲ್ಲಿಟ್ಟಿದೀಯ?"

"ಇಲ್ಲೇ, ನಿನ್ನ ಕಂಪ್ಯೂಟರಲ್ಲೇ. ಹಿಂದಿನ ಕೋಣೆಗೆ ಯಾರು ಬಂದು ಮುಟ್ತಾರೆ ಅಂತ."

ಹೊರಗೆ ಯಜಮಾನರ ಚಪ್ಪಲಿಯ ಸದ್ದು ಕೇಳಿಸಿತು. ಪಂಡಿತನ ಪರದೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಮುದುಕ ಬಗ್ಗಿ ಸೂಜಿ ಹುಡುಕುತ್ತಲೇ ಕೇಳಿದ:

"ಹಳೇದು ಒಂದು ಚೂರೂ ಉಳಿಸಿಲ್ಲ ಅಂದ್ಯಲ್ಲಪ್ಪ ಬೆಳಿಗ್ಗೆ?"