ಬ್ಯಾಸ್ಕೆಟ್‌ಬಾಲ್ ಕೋರ್ಟಿಗೊಂದು ಮೇಟಿ

ನಮ್ಮ ವಿಶ್ವವಿದ್ಯಾನಿಲಯದ ಮಹಿಳಾ ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಯಾರೋ ಪುಣ್ಯಾತ್ಮರು ಬರೆದು ಅಚ್ಚು ಹಾಕಿಸಿದ್ದಾರೆ. ಓದಿದೆ. ದೊಡ್ಡ ಊರಿನ ಕಾಲೇಜುಗಳಿಗೆ ಪುಟಗಟ್ಟಲೆ ಹೊಗಳಿಕೆ. ನಮ್ಮ ಅಜ್ಜಂಪುರದ ಕಾಲೇಜಿಗೆ ಅರ್ಧ ಸಾಲು. "ಕಡೂರಿನ ಎದುರು ಸೋತಿತು." ಅಷ್ಟೇ! ಮದುವೆ ಊಟಕ್ಕೆ ಕರೆದು ಎಲೆ ಮೂಲೆಗೆ ಉಪ್ಪು ಮಾತ್ರ ಬಡಿಸಿದ ಹಾಗೆ.

ಸೋತಿದ್ದು ನಿಜ. ನಾನೇನು ಇಲ್ಲ ಎನ್ನುವುದಿಲ್ಲ. ಆದರೆ ಹೇಗೆ ಸೋತೆವು ಎಂದು ಬರೆಯದಿದ್ದರೆ ಅದೆಂಥ ಚರಿತ್ರೆ? ಆ ತಂಡದ ಕ್ಯಾಪ್ಟನ್ ನಾನು. ಬರೆಯುವ ಅಧಿಕಾರ ನನಗೇ ಇದೆ ಎಂದು ಪೆನ್ನು ಹಿಡಿದು ಕೂತೆ.

"ಬರಿ, ಬರಿ. ನನ್ ಸೈಕಲ್ ತುಕ್ಕು ಹಿಡಿದಿದ್ದೂ ಬರಿ" ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

ಬರೆಯುತ್ತೇನೆ. ಯಾರಿಗೇನು ಹೆದರಿಕೆ?

ಆಗಿನ್ನೂ ಎಂಬತ್ತರ ದಶಕ ಶುರುವಾಗಿತ್ತು. ಕಾಲೇಜಿನ ಮೈದಾನವೆಲ್ಲ ಹುಡುಗರದು. ನಮ್ಮ ಪಾಲಿಗೆ ಬಂದಿದ್ದು ಹಿಂದಿನ ಮೂಲೆಯ ಒಂದು ತುಂಡು ನೆಲ. ಅಲ್ಲಿ ಎರಡು ಕಂಬ, ಎರಡು ರಿಂಗು, ಮಿಕ್ಕಿದ್ದೆಲ್ಲ ನೆಗ್ಗಿಲು ಮುಳ್ಳು. ಆದರೂ ಅದು ನಮ್ಮದು. ಮನೆಯಲ್ಲಿ ಅವ್ವನ ಕಣ್ಣು, ಬೀದಿಯಲ್ಲಿ ಊರಿನ ಕಣ್ಣು. ಯಾರ ಕಣ್ಣಿಗೂ ಬೀಳದೆ ಲಂಗ ಎತ್ತಿಕಟ್ಟಿ ಬಿದ್ದು ಎದ್ದು ಓಡಬಹುದಾದ ಜಾಗ ಇಡೀ ಅಜ್ಜಂಪುರದಲ್ಲಿ ಅದೊಂದೇ ಇತ್ತು.

ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ನೋಡಮ್ಮ ಸಾವಿತ್ರಿ, ಈ ವರ್ಷ ನೀವು ಇಲ್ಲಿ ಒಂದಾದ್ರೂ ಇಂಟರ್‌ಕಾಲೇಜ್ ಮ್ಯಾಚ್ ಆಡ್ಬೇಕು. ಆಡ್ಲಿಲ್ಲಾಂದ್ರೆ ಆ ಮೂಲೇಲಿ ಸೈಕಲ್ ಸ್ಟ್ಯಾಂಡ್ ಮಾಡಿಸ್ತೀನಿ. ಹುಡುಗರು ಅರ್ಜಿ ಕೊಟ್ಟಿದ್ದಾರೆ."

ಆ ಅರ್ಜಿಯಲ್ಲಿ ಮೊದಲ ಸಹಿ ಯಾರದು ಗೊತ್ತೇ? ಈಗ ಪೇಪರಿನ ಹಿಂದೆ ಅವಿತಿರುವ ಮಹಾನುಭಾವರದು! ಹೊಸ ಸೈಕಲ್ ಬಿಸಿಲಿಗೆ ಬಣ್ಣಗೆಡುತ್ತದಂತೆ. ನಾವು ಬಣ್ಣಗೆಟ್ಟರೆ ಕೇಳುವವರಿಲ್ಲ!

"ಒಂದ್ ಮ್ಯಾಚ್ ತಾನೆ ಸಾರ್? ಆಡ್ತೀವಿ ಬಿಡಿ" ಎಂದೆ. ಅಷ್ಟು ಸಲೀಸಾಗಿ ನಾನು ಜೀವಮಾನದಲ್ಲಿ ಇನ್ಯಾವ ಮಾತನ್ನೂ ಆಡಿಲ್ಲ.

ತೊಂದರೆ ಇದ್ದದ್ದು ನೆಲದಲ್ಲಿ. ಚೆಂಡು ಪುಟಿಯಬೇಕಲ್ಲ? ನಮ್ಮ ಚೆಂಡು ಧೂಳಿಗೆ ಬಿದ್ದರೆ ಬಸುರಿ ಎಮ್ಮೆಯಂತೆ ಅಲ್ಲೇ ಕೂತುಬಿಡುತ್ತಿತ್ತು. ಮ್ಯಾಚಿಗೆ ಒಪ್ಪಿದ್ದ ಕಡೂರಿನ ಕಾಲೇಜಿನವರು ಬಂದು ಆಡಬೇಕೆಂದರೆ ಗಟ್ಟಿ ನೆಲ ಬೇಕೇ ಬೇಕು. ಸಿಮೆಂಟಿನ ಮಾತೆತ್ತಿದರೆ ಪ್ರಿನ್ಸಿಪಾಲರು ಕಿಟಕಿಯಾಚೆ ನೋಡುತ್ತಿದ್ದರು. ಆಗ ನನ್ನ ತಲೆಗೆ ಅದ್ಭುತವಾದ ಯೋಚನೆಯೊಂದು ಬಂತು. ನಮ್ಮ ಸೀಮೆಯಲ್ಲಿ ಅತ್ಯಂತ ಗಟ್ಟಿ, ನುಣುಪು ನೆಲ ಯಾವುದು? ರಾಗಿ ಒಕ್ಕುವ ಕಣ!

ಕಾಲೇಜಿಗೆ ಅಂಟಿಕೊಂಡೇ ಚಿಕ್ಕಪ್ಪನ ಹೊಲ. ಓಡಿಹೋಗಿ ಕೇಳಿದೆ. "ಚಿಕ್ಕಪ್ಪ, ನಮ್ಗೊಂದು ಕಣ ಮಾಡ್ಕೊಡ್ತೀಯಾ?"

ಚಿಕ್ಕಪ್ಪನಿಗೆ ಆನಂದವೋ ಆನಂದ. ಓದಲು ಹೋದ ಹುಡುಗಿ ಕಣ ಕೇಳುತ್ತಾಳೆಂದರೆ! "ಅದ್ಕೇನವ್ವ, ಮಾಡಾನ. ಆದ್ರೆ ಎತ್ತು ನಂದು, ರೋಣಗಲ್ಲು ನಂದು. ಮೊದ್ಲ ರಾಶಿ ನಂದೇ ಕಣವ್ವ."

"ಆಗ್ಲಿ ಚಿಕ್ಕಪ್ಪ, ನೀನೇ ಮೊದ್ಲು" ಎಂದೆ ನಗುತ್ತ. ತಮಾಷೆ ಮಾಡುತ್ತಿದ್ದಾನೆ, ಪಾಪ, ಮೊದಲ ಚೆಂಡು ಇವನ ಕೈಯಲ್ಲೇ ಹಾಕಿಸೋಣ ಎಂದುಕೊಂಡೆ. ಹಂಚಿಕೊಂಡ ಕಣದಲ್ಲಿ ರೋಣಗಲ್ಲು ಎಳೆಸಿದವನೇ ಮೊದಲು ಒಕ್ಕುವುದು, ಅದಕ್ಕೆ ಒಮ್ಮೆ ಒಪ್ಪಿದರೆ ಮಾತು ಹಿಂದಕ್ಕೆ ತೆಗೆಯುವ ಹಾಗಿಲ್ಲ ಎನ್ನುವುದು ಬೇಸಾಯದ ಮನೆಯಲ್ಲಿ ಹುಟ್ಟಿದ ನನಗೆ ತಿಳಿದಿರಬೇಕಿತ್ತು. ಬಿ.ಎ. ಓದುತ್ತಿದ್ದೆನಲ್ಲ, ತಿಳಿಯಲಿಲ್ಲ!

ಚಿಕ್ಕಪ್ಪ ನೆಲ ಕೆತ್ತಿಸಿ, ನೀರು ಹೊಡೆಸಿ, ನೆಲ ಗಟ್ಟಿಯಾಗಲೆಂದು ಎತ್ತು ಕಟ್ಟಿ ದುಂಡನೆಯ ರೋಣಗಲ್ಲು ಎಳೆಸಿದ. ನಾವು ಹುಡುಗಿಯರು ಸಗಣಿ ಬಗ್ಗಡ ಬಳಿದೆವು. ಸುಣ್ಣ ಸಿಗದೆ ಒಲೆಯ ಬೂದಿಯಿಂದ ಗೆರೆ ಎಳೆದೆವು. ಒಣಗಿದ ಮೇಲೆ ನಮ್ಮ ಪೈಕಿ ಎಲ್ಲರಿಗಿಂತ ಎತ್ತರದ ಜಯ ಚೆಂಡನ್ನು ಕುಕ್ಕಿದಳು. ಪುಟಿಯಿತು! ನಾವು ಕಿರುಚಿದ ಸದ್ದಿಗೆ ಪ್ರಿನ್ಸಿಪಾಲರೇ ಓಡಿಬಂದರು. ಚಿಕ್ಕಪ್ಪ ಮಾತ್ರ ಎರಡೂ ಕಂಬಗಳನ್ನು ನೋಡಿ ತಲೆ ಕೆರೆದುಕೊಂಡ. "ಮೇಟಿ ಯಾರಾದ್ರೂ ಅಂಚಿಗೆ ನೆಡ್ತಾರೇನವ್ವಾ? ಅದೂ ಎಲ್ಡು?"

ಮೇಟಿ ಎಂದರೆ ಒಕ್ಕುವಾಗ ಎತ್ತು ಸುತ್ತಲೆಂದು ಕಣದ ನಡುವೆ ನೆಡುವ ಕಂಬ. ನಾವು ಬಿದ್ದು ಬಿದ್ದು ನಕ್ಕೆವು. ನಗುವ ವಯಸ್ಸು, ನಕ್ಕೆವು.

ಸಂಕ್ರಾಂತಿ ಮುಗಿಯುತ್ತಿದ್ದಂತೆ ಕಾಲೇಜಿಗೆ ರಜ ಬಂತು. ರಜ ಮುಗಿದ ದಿನವೇ ಮ್ಯಾಚು. ಬೆಳಿಗ್ಗೆ ತಲೆ ಬಾಚಿ, ರಿಬ್ಬನ್ನು ಕಟ್ಟಿ, ಕ್ಯಾಪ್ಟನ್ನಿನ ಗಾಂಭೀರ್ಯದಿಂದ ಮೈದಾನಕ್ಕೆ ಬಂದೆ. ನೋಡುತ್ತೇನೆ, ಕೋರ್ಟಿನ ನಟ್ಟನಡುವೆ ಒಂದು ದಪ್ಪ ಕಂಬ! ಅದಕ್ಕೆ ಮಾವಿನ ಸೊಪ್ಪು, ಅರಿಶಿನ ಕುಂಕುಮ. ಒಂದು ಮೂಲೆಯಲ್ಲಿ ಗುಡ್ಡದಂಥ ರಾಗಿ ರಾಶಿ. ರಾಶಿಯ ನೆತ್ತಿಯ ಮೇಲೆ ಗರಿಕೆ ಮುಡಿದ ಸಗಣಿ ಬೆನಕ. ಪಕ್ಕದಲ್ಲಿ ಮೊರ ಹಿಡಿದು ನಿಂತ ಚಿಕ್ಕಪ್ಪ.

"ಎಂಥಾ ಕಣ ಕಣವ್ವಾ! ಒಂದು ಕಾಳು ಮಣ್ಣಿಗೆ ಸೇರ್ಲಿಲ್ಲ" ಎಂದ ಕಣ್ಣರಳಿಸಿ. "ಮೇಟಿ ಮಾತ್ರ ಸರಿಯಾದ ಜಾಗಕ್ಕೆ ನಾನೇ ನೆಟ್ಟೆ."

"ಅಯ್ಯೋ ಚಿಕ್ಕಪ್ಪಾ! ಇವತ್ತು ಮ್ಯಾಚ್ ಐತೆ! ಕೀಳು ಅದನ್ನ!"

"ರಾಶಿ ಎತ್ತೋಗಂಟ ಮೇಟಿ ಕೀಳಂಗಿಲ್ಲ. ಮೊದ್ಲ ರಾಶಿ ನಂದು ಅಂತ ಒಪ್ಪಿರ್ಲಿಲ್ವಾ ನೀನು?"

ಒಪ್ಪಿದ್ದೆ.

ಅಷ್ಟರಲ್ಲಿ ಪ್ಯಾಸೆಂಜರ್ ರೈಲಿನಿಂದಿಳಿದು ಕಡೂರಿನ ತಂಡ ಬಂತು. ಬಿಳಿ ಸಲ್ವಾರ್, ಬಿಳಿ ಕ್ಯಾನ್ವಾಸ್ ಶೂ. ಹಿಂದೆಯೇ ತರೀಕೆರೆಯಿಂದ ಬಂದ ರೆಫ್ರಿ, ಕೊರಳಲ್ಲಿ ಸೀಟಿ. ಚಿಕ್ಕಪ್ಪ ಮೊರ ಅಡ್ಡ ಹಿಡಿದ. "ಕೆರ ಬಿಟ್ಟು ಬನ್ರವ್ವ. ಕಣ ಇದು."

ಎಲ್ಲರೂ ಶೂ ಬಿಚ್ಚಿದರು. ರೆಫ್ರಿಯೂ ಬಿಚ್ಚಿದರು. ಅವರ ಕಾಲುಚೀಲದಿಂದ ಹೆಬ್ಬೆರಳು ಹೊರಗಿಣುಕಿ ಅಜ್ಜಂಪುರವನ್ನು ನೋಡಿತು. ಮುಜುಗರದಿಂದ ಅವರು ಸೀಟಿ ಬಾಯಿಗಿಟ್ಟರು.

"ಊದ್‌ಬ್ಯಾಡಿ ಸ್ವಾಮಿ! ರಾಶಿ ಮುಂದೆ ಸಿಳ್ಳೆ ಹಾಕಿದ್ರೆ ಲಕ್ಷ್ಮಿ ಹೊಂಟೋಗ್ತಾಳೆ!"

ಸೀಟಿ ಜೇಬು ಸೇರಿತು. ರೆಫ್ರಿ ಬೂದಿ ಗೆರೆಗಳನ್ನು ನೋಡಿದರು. ರಾಶಿಯ ಸುತ್ತಲೂ ಚಿಕ್ಕಪ್ಪ ಬೂದಿಯಲ್ಲೇ ವೃತ್ತ ಎಳೆದಿದ್ದ. "ಇದ್ರಲ್ಲಿ ಕೋರ್ಟ್ ಯಾವ್ದಮ್ಮ, ದೇವರ್ದು ಯಾವ್ದು?" ಎಂದು ದೈನ್ಯದಿಂದ ಕೇಳಿದರು.

ಸುತ್ತ ನಿಂತ ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಇವರು, ಸೈಕಲ್ ಸಮೇತ! ಎಲ್ಲಿ ನಿಲ್ಲಿಸಬೇಕೆಂದು ಆಗಲೇ ಅಳತೆ ಮಾಡುತ್ತಿದ್ದ ಹಾಗಿತ್ತು. ಕಡೂರಿನ ಕ್ಯಾಪ್ಟನ್ ರೇಣುಕ ಸೊಂಟದ ಮೇಲೆ ಕೈಯಿಟ್ಟು, "ನಾವ್ ಆಡಲ್ಲ. ವಾಪಸ್ ಹೋಗ್ತೀವಿ" ಎಂದಳು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು!

"ಹೋಗ್ರೇ, ಹೋಗಿ!" ಎಂದೆ. "ನೀವು ಹೋದ್ರೆ ನಾಳೆಯಿಂದ ಇಲ್ಲಿ ಸೈಕಲ್ ನಿಲ್ತಾವೆ. ನಗ್ತಾ ನಿಂತವ್ರಲ್ಲ, ಅವ್ರವು. ನಮ್ಗೆ ಓಡಾಕೆ ಇರೋದು ಇದೊಂದೇ ಜಾಗ ಕಣೇ. ಸಗಣಿ ಬಳ್ದು ಮಾಡ್ಕೊಂಡಿದೀವಿ. ಮೇಟಿ ಇರ್ಲಿ, ರಾಶಿ ಇರ್ಲಿ, ನಾವು ಆಡೇ ಆಡ್ತೀವಿ. ನಿಮ್ ಕಾಲೇಜಲ್ಲಿ ನಿಮ್ಗೆ ಅರಮನೆ ಕೊಟ್ಟವ್ರಾ?"

ರೇಣುಕ ಸೊಂಟದ ಮೇಲಿನ ಕೈ ತೆಗೆದಳು. ಹುಡುಗರ ಕಡೆ ನೋಡಿದಳು. "ನಮ್ದು ಗೊಬ್ಬರದ ಗುಂಡಿ ಪಕ್ಕ ಕಣೇ" ಎಂದವಳೇ ಸಲ್ವಾರಿನ ಅಂಚು ಮಡಚಿದಳು. "ಬಾ, ಆಡಾನ."

ಆಟ ಶುರುವಾಯಿತು. ರೆಫ್ರಿ ಮೇಟಿಯನ್ನು ಬಳಸಿ ನಿಂತು ಚೆಂಡು ಮೇಲೆಸೆದರು. ಸೀಟಿಯ ಬದಲು ಟವೆಲ್ ಬೀಸಿದರು. ನೆಲದ ಮೇಲೆ ಉದುರಿದ ರಾಗಿ ಕಾಳು. ಕಡೂರಿನವರು ಒಬ್ಬೊಬ್ಬರಾಗಿ ದಡಾರನೆ ಜಾರಿ ಬಿದ್ದರು. ನಾವು ಕಣದಲ್ಲೇ ಬೆಳೆದವರು. ಕಾಳಿನ ಮೇಲೆ ಕಾಲೆತ್ತಬಾರದು, ಎಳೆದುಕೊಂಡು ಹೋಗಬೇಕು. ಸರಸರನೆ ಕಾಲೆಳೆಯುತ್ತ ಹೋಗಿ ಜಯ ಬ್ಯಾಸ್ಕೆಟ್ ಹಾಕಿದಳು. ಇನ್ನೊಂದು ಹಾಕಿದಳು! ನಾವು ಮುಂದಿದ್ದೆವು. ಹೌದು ಸ್ವಾಮಿ, ಮುಂದಿದ್ದೆವು! ಆ ಚರಿತ್ರೆಕಾರರು ಇದನ್ನೇಕೆ ಬರೆಯಲಿಲ್ಲ?

ಆಮೇಲೆ ನೋಡಿದರೆ ರೇಣುಕಳೂ ನಮ್ಮ ಹಾಗೆಯೇ ಕಾಲೆಳೆಯುತ್ತಿದ್ದಾಳೆ. ನಮಗಿಂತ ಚೆನ್ನಾಗಿ!

"ಯಾವೂರೇ ನಿಂದು?" ಎಂದೆ ಏದುಸಿರು ಬಿಡುತ್ತ.

"ಯಗಟಿ!" ಎಂದು ನನ್ನನ್ನು ದಾಟಿ ಹೋದಳು.

ಯಗಟಿ! ರಾಗಿಯ ತವರು! ಕಣದಲ್ಲೇ ಅಂಬೆಗಾಲಿಟ್ಟವಳು! ನಮ್ಮ ಕಥೆ ಅಲ್ಲಿಗೆ ಮುಗಿಯಿತು. ಅವಳೊಬ್ಬಳೇ ಹಾಕಿದಳು, ಹಾಕಿದಳು, ಹಾಕುತ್ತಲೇ ಹೋದಳು.

ಕೊನೆಯ ನಿಮಿಷದಲ್ಲಿ ಚೆಂಡು ನನ್ನ ಕೈಗೆ ಬಂತು. ಗೆಲ್ಲುವ ಹಾಗಿರಲಿಲ್ಲ. ಆದರೆ ಕ್ಯಾಪ್ಟನ್ ಒಂದಾದರೂ ಹಾಕಬೇಡವೇ? ಇವರು ಬೇರೆ ನೋಡುತ್ತಿದ್ದಾರೆ! ಕಣ್ಣನ್ನು ರಿಂಗಿನ ಮೇಲೆ ನೆಟ್ಟು, ಜೀವ ಬಿಟ್ಟು ಓಡಿದೆ. ಕಣ್ಣು ಮೇಲಿತ್ತು. ಮೇಟಿ ಎದುರಿಗಿತ್ತು.

ಢಣ್!

ಕಣ್ಣು ಬಿಟ್ಟಾಗ ನಾನು ಮೇಟಿಯನ್ನು ತಬ್ಬಿಕೊಂಡು ಕೂತಿದ್ದೆ. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು. ಚೆಂಡು ಹೋಗಿ ರಾಶಿಯ ಬುಡದಲ್ಲಿ ಬೆನಕನಿಗೆ ಕೈಮುಗಿದಂತೆ ಕೂತಿತ್ತು. ಚಿಕ್ಕಪ್ಪ ಓಡಿಬಂದು ಮೊದಲು ಮೇಟಿ ಅಲ್ಲಾಡಿತೇ ಎಂದು ನೋಡಿ, ಆಮೇಲೆ ನನ್ನನ್ನು ನೋಡಿದ.

ಸೋತೆವು. ಆದರೆ ಮ್ಯಾಚು ನಡೆಯಿತು! ರೆಫ್ರಿ ರುಜು ಹಾಕಿದರು. ಸೈಕಲ್ ಸ್ಟ್ಯಾಂಡು ಆಗಲಿಲ್ಲ. ಇವರ ಸೈಕಲ್ ಬಿಸಿಲಲ್ಲೇ ನಿಂತು, ಮಳೆಯಲ್ಲೇ ನೆಂದು, ನ್ಯಾಯವಾಗಿ ತುಕ್ಕು ಹಿಡಿಯಿತು. ತುಕ್ಕು ಸೈಕಲ್ಲಿನವರನ್ನು ಮದುವೆಯಾಗಿದ್ದು ನನ್ನ ಹಣೆಬರಹ, ಅದು ಬೇರೆ ಮಾತು.

ಮೊನ್ನೆ ಊರಿಗೆ ಹೋದಾಗ ಕಾಲೇಜಿನ ಹಿಂದಕ್ಕೆ ಹೋಗಿ ನೋಡಿದೆವು. ಈಗ ಅಲ್ಲಿ ಸಿಮೆಂಟಿನ ಕೋರ್ಟು. ತುಂಬ ಹುಡುಗಿಯರು ಕೂಗಾಡುತ್ತ, ಬಿದ್ದು ಎದ್ದು ಆಡುತ್ತಿದ್ದರು. ಹತ್ತಿರ ಹೋಗಿ, "ನಾನು ಇಲ್ಲಿನ ಮೊದಲ ಕ್ಯಾಪ್ಟನ್" ಎಂದೆ ಎದೆಯುಬ್ಬಿಸಿ.

"ಓ! ಮೇಟಿಗೆ ಡಿಕ್ಕಿ ಹೊಡೆದ್ರಂತಲ್ಲ, ಆ ಮೇಡಮ್ಮಾ?"

ಇವರು ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿದರು.

"ಹೌದು, ಅವಳೇ!" ಎಂದೆ. "ಏನೀಗ? ಕೊಡ್ರೇ ಇಲ್ಲಿ ಚೆಂಡು!"

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹುಡುಗಿಯರು ದಾರಿ ಬಿಟ್ಟು ನಿಂತರು. ರಿಂಗಿಗೆ ಗುರಿಯಿಟ್ಟು, ಇಷ್ಟು ವರ್ಷದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಬೀಸಿ ಎಸೆದೆ. ಚೆಂಡು ರಿಂಗು, ಹಲಗೆ, ಕಂಬ ಯಾವುದನ್ನೂ ಮುಟ್ಟದೆ ಆಚೆ ಚಿಕ್ಕಪ್ಪನ ಹೊಲಕ್ಕೆ ಹೋಗಿ ಬಿತ್ತು.

ಈ ಸಲ ನೆವ ಹೇಳೋಣವೆಂದರೆ ಮೇಟಿಯೂ ಇರಲಿಲ್ಲ!